ಅಕ್ಕನ ಹುಟ್ಟಿದ ದಿನದ ಖಾಲಿ ಜಾಗ

ಅಕ್ಕನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೂ ಪೊರೆ ಬಂದು, ನನ್ನನ್ನು ಧ್ವನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ತಡ ಮಾಡಿದರೆ ಅದೂ ಹೋಗುತ್ತದೆ ಅಂದಿದ್ದರು ಡಾಕ್ಟರು. ಅರವತ್ತು ದಾಟಿದವರಿಗೆ ಹಿಂದೂಪುರದ ಕಣ್ಣಾಸ್ಪತ್ರೆಯಲ್ಲಿ ಪುಕ್ಕಟೆ ಆಪರೇಷನ್. ಕರೆದುಕೊಂಡು ಹೋಗಲು ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿಗೆ ವ್ಯಾನು ಬಂದಿತ್ತು. ನಾನು ಹಿಂದಿನ ದಿನವೇ ಹಿಂದೂಪುರದಿಂದ ಬಂದು ಅಕ್ಕನ ಮನೆಯಲ್ಲಿದ್ದೆ.

ಎದುರಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತಿದ್ದ ಆಸ್ಪತ್ರೆಯ ಗುಮಾಸ್ತ ಅಕ್ಕನ ಹೆಸರೇ ಬಂದಿಲ್ಲ ಅಂದ. ಹೋದ ವಾರ ಬರೆಸಿಕೊಂಡವನೇ ಅವನು. ಹುಡುಕಿ ನಕ್ಕ. ಅಕ್ಕ ಹುಟ್ಟಿದ್ದು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿ ಜನವರಿ ಒಂದನೇ ತಾರೀಕಂತೆ. ಆ ಲೆಕ್ಕಕ್ಕೆ ಅವಳಿಗೆ ಅರವತ್ತೇ ಆಗಿಲ್ಲ; ಅವಳ ತಂಗಿ ನನಗೇ ಅದಕ್ಕಿಂತ ಹೆಚ್ಚು ವಯಸ್ಸು.

ಆ ಆಸ್ಪತ್ರೆಯ ಕಂಪ್ಯೂಟರ್ ಪುಟ ಬರೆದವಳು ನನ್ನ ಸೊಸೆ. ಅಂಗಡಿಯಿಂದಲೇ ಫೋನು ಹಚ್ಚಿಸಿದೆ. ತಾರೀಕಿನ ಜಾಗ ಖಾಲಿ ಬಿಟ್ಟಿದ್ದಾರೆ, ಖಾಲಿಯನ್ನು ಮಿಷನ್ನು ಸೊನ್ನೆ ಅಂದುಕೊಂಡಿದೆ, ಅದು ದಿನ ಎಣಿಸುವುದೇ ಆ ಎಪ್ಪತ್ತರ ಜನವರಿಯಿಂದ ಅಂದಳು. "ಜೂನ್ ಒಂದು ಅಂತ ಯಾವ್ದಾದ್ರೂ ವರ್ಸ ಹೊಡ್ಸಿ ಅತ್ತೆ. ಎಲ್ರಿಗೂ ಹಂಗೇ ಮಾಡ್ತಾರೆ."

ಅಕ್ಕ ಒಪ್ಪಲಿಲ್ಲ. ಅವಳಿಗಿಂತ ಮುಂಚಿನ ಮಕ್ಕಳು ಉಳಿದಿರಲಿಲ್ಲ. ಹಾಗಾಗಿ ಇವಳು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವಳು ಎತ್ತಿಕೊಂಡ ಮೇಲೆ ಒಂದು ಮೊರ ತೌಡು ಕೊಟ್ಟು ಅವ್ವ ಕೊಂಡುಕೊಂಡಿದ್ದಳು. ಹುಟ್ಟಿದ ದಿನ ಗೊತ್ತಾದರೆ ಸಾವು ಹುಡುಕಿಕೊಂಡು ಬರುತ್ತದೆ ಅಂತ, ಅವ್ವ ತಾನು ಸಾಯುವ ತನಕ ಅದನ್ನು ಯಾರಿಗೂ ಹೇಳಲಿಲ್ಲ.

"ದಿನ ಬರ್ಸಿದ್ರೆ ನಾನು ವ್ಯಾನ್ ಹತ್ತಲ್ಲ ಕಣೆ," ಅಂದಳು ಅಕ್ಕ.

"ಅದು ಸುಳ್ಳು ದಿನ ಕಣಕ್ಕ."

"ಹುಡುಕ್ಕೊಂಡು ಬರೋದಕ್ಕೆ ಸುಳ್ಳು ಅಂತ ಏನು ಗೊತ್ತಾಯ್ತದೆ?"

ಕುರುಡಿಯಾಗೇ ಸಾಯಿ ಅಂತ ಬೈದೆ. ಅವಳು ಬಟ್ಟೆಗಂಟು ತಬ್ಬಿಕೊಂಡು ನಿಂತೇ ಇದ್ದಳು. ಗುಮಾಸ್ತ ದಿನ, ತಿಂಗಳು, ವರ್ಷ ಎಲ್ಲಕ್ಕೂ ಸೊನ್ನೆ ಹೊಡೆದು ನೋಡಿದ. ಕೆಂಪು ಅಕ್ಷರ ಬಂತು, ತಪ್ಪು ಅಂತ. ಡ್ರೈವರು ಇಂಜಿನ್ ಶುರು ಮಾಡಿ, ಟೈಮ್ ಅಯಿಂದಿ, ಹೊತ್ತಾಯ್ತು ಅಂತ ಕೂಗಿದ.

ಮತ್ತೆ ಸೊಸೆಗೆ ಫೋನು ಮಾಡಿ ತಿಪ್ಪೆಯ ಕತೆ ಹೇಳಿದೆ.

"ಬಾಯಲ್ಲಿ ವಯಸ್ಸು ಹೇಳಿದ್ರಾ?" ಅಂದಳು.

ಅಂದಾಜು ಅರವತ್ತೈದು ಅಂತ ಅಕ್ಕ ಹೇಳಿದ್ದಳು, ಬರೆದೂ ಇತ್ತು.

"ಹಂಗಾದ್ರೆ ತಪ್ಪು ನನ್ದು. ವ್ಯಾನ್ ಬಿಡ್ಬೇಡಿ ಅತ್ತೆ."

ಹೋಗಿ ವ್ಯಾನಿನ ಮುಂದೆ ನಿಂತೆ. ಡ್ರೈವರು ಹಾರ್ನ್ ಹೊಡೆದ. ತೆಲುಗಿನಲ್ಲಿ ಬೈದ. ನಾನೂ ಬೈದೆ. ಒಳಗೆ ಕೂತವರು ನಮ್ಮನ್ನು ಬಿಟ್ಟು ಹೋಗಪ್ಪ ಅಂತ ಗೊಣಗುತ್ತಿದ್ದರು. ನಾನು ಜರುಗಲಿಲ್ಲ. ಅಷ್ಟರಲ್ಲಿ ಗುಮಾಸ್ತ ಅಂಗಡಿಯಿಂದ ಕೈ ಬೀಸಿದ. ಸೊಸೆ ಹಿಂದೂಪುರದಲ್ಲಿ ಕೂತೇ ತಿದ್ದಿದ್ದಳು. ತಾರೀಕು ಖಾಲಿ ಇದ್ದರೆ ಖಾಲಿಯಾಗಿಯೇ ಇರಲಿ, ಬಾಯಲ್ಲಿ ಹೇಳಿದ ವಯಸ್ಸು ನೋಡು, ಅಂತ. ಅಕ್ಕನ ಹೆಸರಿನ ಜೊತೆ, ಅವಳಂತೆಯೇ ತಾರೀಕು ಖಾಲಿ ಇದ್ದು, ಮನೆಗೆ ಹೋಗಿ ಅಂತ ಹೇಳಿಸಿಕೊಂಡು ಅಂಗಡಿಯ ಮೂಲೆಯಲ್ಲಿ ಕೂತಿದ್ದ ಇನ್ನೂ ಕೆಲವು ಮುದುಕಿಯರ ಹೆಸರೂ ಬಂತು. ಎಲ್ಲರೂ ಒತ್ತಿಕೊಂಡು ಕೂತೆವು.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಕ್ಕ ನನ್ನ ಮುಖ ನೋಡಿ, ಮುದುಕಿ ಆಗ್ಬುಟ್ಟಿದ್ದೀಯ ಅಂದಳು. ಆಮೇಲೆ ಸೊಸೆಯ ಕಂಪ್ಯೂಟರ್ ಹತ್ತಿರ ಕರೆದುಕೊಂಡು ಹೋಗು ಅಂತ ಹಟ ಮಾಡಿದಳು. ಅವಳಿಗೆ ಓದು ಬರದು. ದಿನ ಎಲ್ಲಿ ಬರೆಯುತ್ತಾರೆ ಅಂತ ಕೇಳಿದಳು. ಸೊಸೆ ಬೆರಳಿಟ್ಟು ತೋರಿಸಿದಳು. ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಕಾಣ್ತೈತೆ," ಅಂದಳು.