ಕಷಾಯ ಕುಡಿಸುವ ಕೈ

ಬೆಳಕು ಹರಿಯುವ ಹೊತ್ತಿಗೆ ಸಂಶೋಧನಾಲಯದ ಹಿಂಬದಿಯ ಕೋಣೆಯಲ್ಲಿ ಇಲಿಯಮ್ಮನ ಸಂಸಾರ ಎದ್ದು ಕೂತಿರುತ್ತದೆ. ಪಂಜರದ ಮುಚ್ಚಳ ತೆಗೆದದ್ದೇ ತಡ, ಬಿಳಿ ಇಲಿಗಳು ಮೂಗು ಅಲುಗಿಸುತ್ತಾ ತಮ್ಮನ್ನು ನೋಡಿಕೊಳ್ಳುವ ಇಲಿಯಮ್ಮನ ಕೈ ಹತ್ತುತ್ತವೆ. "ತಡ್ಕೊಳ್ರೋ, ಎಲ್ರಿಗೂ ಇದೆ" ಎನ್ನುತ್ತಾ ಅವರು ಒದ್ದೆಯಾದ ಮರದ ಹೊಟ್ಟನ್ನು ಬದಲಿಸುತ್ತಾರೆ. ಇಲಿಯಮ್ಮ ಎಂಬ ಅಡ್ಡಹೆಸರು ಇಲ್ಲಿನ ವಿದ್ಯಾರ್ಥಿಗಳು ಇಟ್ಟದ್ದು. ಮನೆಯಲ್ಲಿ ಸೊಸೆ ಮಾತ್ರ, "ಅತ್ತೆ, ಸ್ನಾನ ಮಾಡ್ಕೊಂಡು ಬಂದು ಮಗು ಎತ್ಕೊಳ್ಳಿ" ಎಂದು ಬಾಗಿಲಲ್ಲೇ ತಡೆಯುತ್ತಾಳೆ.

ದಿಢೀರ್ ಒತ್ತಡಕ್ಕೆ ಸಿಕ್ಕ ದೇಹದಲ್ಲಿ ಸಕ್ಕರೆ, ಕೊಬ್ಬು ಹೇಗೆ ಏರುತ್ತವೆ, ಗಿಡಮೂಲಿಕೆ ಅದನ್ನು ತಡೆದೀತೇ ಎಂಬುದು ಇಲ್ಲಿನ ಅಧ್ಯಯನ. ಒಂದು ಗುಂಪಿನ ಇಲಿಗಳಿಗೆ ಬೇರಿನ ಕಷಾಯ, ಇನ್ನೊಂದಕ್ಕೆ ಬರೀ ನೀರು. ಆಮೇಲೆ ಎಲ್ಲವನ್ನೂ ಮಿಸುಕಾಡಲಾಗದಂಥ ಜಾಲರಿ ಕೊಳವೆಗಳೊಳಗೆ ಬಿಟ್ಟು ತಣ್ಣನೆಯ ಪೆಟ್ಟಿಗೆಯಲ್ಲಿಡಬೇಕು. ಹೊರತೆಗೆದು ರಕ್ತ ಪರೀಕ್ಷೆಗೆ ಒಯ್ದರೆ ಇಲಿಯ ಕಥೆ ಮುಗಿದಂತೆ. ಕುಡಿಸುವುದೂ ಕೊಳವೆಗೆ ಬಿಡುವುದೂ ಇಲಿಯಮ್ಮನ ಕೆಲಸ.

ಕಳೆದ ವರ್ಷ ಅವರ ಮನಸ್ಸು ತಡೆಯಲಿಲ್ಲ. "ನೀರು ಕುಡಿದವು ಆಚೆ ಬಂದಾಗ ಅವುಗಳ ಕಣ್ಣು ನೋಡಕ್ಕಾಗಲ್ಲ. ಇವೇನು ಪಾಪ ಮಾಡಿದ್ವು ಅಂತ ಅವಕ್ಕೂ ಕದ್ದು ಕಷಾಯ ಕುಡಿಸ್ಬಿಟ್ಟೆ" ಎಂದು ಮಾತನಾಡಿಸಲು ಬಂದ ನನಗೆ ಹೇಳುತ್ತಾರೆ.

ಎರಡೂ ಗುಂಪಿನ ಫಲಿತಾಂಶ ಒಂದೇ ಬಂತು. ಕಷಾಯದಲ್ಲೇ ಸತ್ವವಿಲ್ಲವೆಂದು ಸಂಶೋಧಕಿ ಮೇಡಂ ತಲೆಮೇಲೆ ಕೈ ಹೊತ್ತು ಕೂತಾಗ ಇಲಿಯಮ್ಮ ನಿಜ ಹೇಳಿದರು. ಅವರಿಗೆ ಬೈಗುಳವೇನೂ ಬೀಳಲಿಲ್ಲ. ಮಾಡಿದ ಪ್ರಯೋಗ ಮಣ್ಣುಪಾಲಾಯಿತು, ಮೊದಲಿನಿಂದ ಮಾಡಲು ಅಷ್ಟೇ ಹೊಸ ಇಲಿಗಳು ಬಂದವು. "ಕನಿಕರ ತೋರ್ಸಕ್ಕೆ ಹೋಗಿ ಇನ್ನೊಂದಷ್ಟನ್ನ ಕೊಂದೆ" ಎನ್ನುತ್ತಾರೆ.

ಈಗ ನೀರಿನ ಗುಂಪಿಗೆ ನೀರನ್ನೇ ಕುಡಿಸುತ್ತಾರೆ. ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕಾದರೂ ಹಾಕಿ ಎಂದು ಗೋಗರೆದದ್ದಾಯಿತು, ಮೇಡಂ ಬಿಡುತ್ತಿಲ್ಲ. "ಅವರೇನು ಕೆಟ್ಟವರಲ್ಲ. ಹೊಸಬರು ಮುಟ್ಟಿದ್ರೇ ಇಲಿ ಹೆದರ್ಕೊಂಡು ಸಕ್ಕರೆ ಏರತ್ತಂತೆ, ಲೆಕ್ಕ ಕೆಡತ್ತಂತೆ. ನಿಮ್ಮ ಕೈ ಅಂದ್ರೆ ಅವಕ್ಕೆ ನಂಬಿಕೆ ಅಂತಾರೆ." ಆ ನಂಬಿಕೆಯೇ ಈ ಹೆಂಗಸನ್ನು ಒಳಗೊಳಗೇ ತಿನ್ನುತ್ತಿದೆ.

ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಅವರು ಒಂದು ಇಲಿಯನ್ನೆತ್ತಿ ಕೊಳವೆಯ ಬಾಯಿಗೆ ಹಿಡಿಯುತ್ತಾರೆ. ಅದು ತಾನಾಗಿಯೇ ಒಳಗೆ ನಡೆಯುತ್ತದೆ.

"ಒಂದಾದ್ರೂ ನಂಗೆ ಕಚ್ಚಲಿ ಅಂತ ಕಾಯ್ತೀನಿ" ಎನ್ನುತ್ತಾರೆ. "ಒಂದೂ ಕಚ್ಚಲ್ಲ."