ಗುಡಿಯ ಮುಂದಿನ ನೊಣಗಳು
ಊರ ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ, ಲಕ್ಷ್ಮೇಶ್ವರದಿಂದ ಬಂದ ದನದ ಡಾಕ್ಟರು ಗಂಟಲು ಹರಿಯುವ ಹಾಗೆ ಹೇಳಿದರು: “ಕಡಿಯೋ ನೊಣ, ಸೊಳ್ಳಿ ಈ ರೋಗ ಹರಡ್ತಾವ್ರಿ. ಜಡ್ಡಾದ ದನ ಬ್ಯಾರೆ ಕಟ್ರಿ.”

“ದೇವರ ಮುಂದ ಬ್ಯಾರೆ ಎಲ್ಲೈತ್ರಿ? ಎಲ್ಲಾರೂ ಒಂದ,” ಎಂದರು ಊರ ಹಿರಿಯರು. ರೋಗ ತೊಲಗಲೆಂದು ದನಗಳನ್ನೆಲ್ಲ ಗುಡಿಯ ಮುಂದೆ ಒತ್ತೊತ್ತಾಗಿ ನಿಲ್ಲಿಸಿ ತೀರ್ಥ ಚಿಮುಕಿಸಿದರು. ನನ್ನ ಬುದ್ಧಿಗೇನಾಗಿತ್ತೋ, ನಾನೂ ನಮ್ಮ ಎತ್ತನ್ನು ಹೊಡೆದುಕೊಂಡು ಹೋಗಿ ಕೈಮುಗಿದು ನಿಂತೆ. ಪಕ್ಕದ ಜಡ್ಡಿನ ಆಕಳ ಮೇಲಿದ್ದ ನೊಣಗಳು ನನ್ನ ಕಣ್ಣೆದುರೇ ಹಾರಿ ನಮ್ಮ ಎತ್ತಿನ ಮೇಲೆ ಕುಳಿತವು. ಎರಡು ವಾರದಲ್ಲಿ ಎತ್ತಿನ ಮೈತುಂಬ ಗಂಟು.

ಮುಂದೆ ಅದೇ ಗುಡಿಯಲ್ಲಿ ಪ್ರಸಾದದ ಊಟವಿತ್ತು. ಅದೇ ಹಿರಿಯರು ನಮ್ಮ ಕೇರಿಯವರಿಗೆ ಎಂದಿನಂತೆ ಹೊರಗೆ ಬೇರೆ ಪಂಕ್ತಿ ಹಾಕಿಸಿದರು. ಆ ಗುಡಿಯ ಮುಂದೆ ಜಾತಿ ನೋಡದೆ ಕುಳಿತವು ಆ ನೊಣಗಳು ಮಾತ್ರ.