ಒಂಟಿ ಚಪ್ಪಲಿಯ ಹಡಗುಯಾನ

ಕೊಲ್ಹಾಪುರದಿಂದ ಪಣಜಿಗೆ ನೇರ ಬಸ್ಸಿತ್ತು. ಆದರೂ ನಾನು ರತ್ನಾಗಿರಿಗೆ ಹೋಗಿ ಹಡಗು ಹತ್ತಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು; ಮುಂಬಯಿಯಿಂದ ಗೋವೆಗೆ ಹೋಗುವ ಹಡಗು ಅಲ್ಲಿ ನಿಲ್ಲುತ್ತಿತ್ತು. ಡೆಕ್ಕಿನ ಟಿಕೀಟು ಅಗ್ಗ, ಸಮುದ್ರ ನೋಡುವ ನನ್ನ ಆಸೆ ಹಳೆಯದು.

ಚೀಲದಲ್ಲಿ ಹೊಸ ಚಪ್ಪಲಿ ಜೋಡು ಇತ್ತು. ನಮ್ಮದು ಚಪ್ಪಲಿ ಅಂಗಡಿ. ತಂಗಿ ಗಂಗವ್ವ ಬೇರೆ ಜಾತಿಯವನನ್ನು, ದತ್ತವಾಡದ ಕುರಿಗಾರರ ಮನೆಯ ಮಾರುತಿಯನ್ನು ಮದುವೆಯಾಗಿ ಪಣಜಿ ಸೇರಿ ನಾಲ್ಕು ವರ್ಷವಾಗಿತ್ತು. ಅಷ್ಟೂ ದಿನ ಅಪ್ಪ ಅವಳ ಹೆಸರೆತ್ತಿರಲಿಲ್ಲ. ಈಚೆಗೆ ಅವಳು ಗಂಡನ ಪಾದದ ಗೆರೆ ಬರೆದ ಕಾಗದವೊಂದನ್ನು ಕಳಿಸಿದಳು. ಅಪ್ಪ ಅದೇ ಅಳತೆಗೆ ಜೋಡು ಹೊಲಿಸಿದ. "ಅವನ ಕೈಯಾಗ ಕೊಡು. ಹಾದ್ಯಾಗ ಯಾರನ್ನೂ ನಂಬಬ್ಯಾಡ," ಎಂದ. ಅದು ಮುಟ್ಟಿದರೆ ತಂಗಿಗೆ ತವರು ಸಿಕ್ಕಂತೆ.

ನಂಬದಿರುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎಂಬತ್ತು ಮೈಲಿ ಬಸ್ಸಿನಲ್ಲಿ ಚೀಲ ತೊಡೆಯ ಮೇಲೇ ಇತ್ತು. ರತ್ನಾಗಿರಿಯಲ್ಲಿ ಹಡಗು ದೂರ ನಿಂತಿತ್ತು. ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು. ಅಂಬಿಗ ಚೀಲಕ್ಕೆ ಕೈಚಾಚಿದ, ನಾನು ಕೊಡಲಿಲ್ಲ. ನೀರಿಗೆ ಬೀಳುವುದೊಂದು ಬಾಕಿ.

ಡೆಕ್ಕಿನಲ್ಲಿ ಚಾದರ ಹಾಸಿದಷ್ಟೇ ಜಾಗ. ಪಕ್ಕದಲ್ಲಿ ಒಣಮೀನಿನ ಬುಟ್ಟಿಯ ಮುದುಕಿ. "ಠೇವಾ ಇಥಂ, ಮೀ ಬಘತೇ," ಚೀಲ ಇಲ್ಲಿಡು, ನಾನು ನೋಡಿಕೊಳ್ತೇನೆ ಎಂದಳು. ಗುರುತಿಲ್ಲದವಳಿಗೆ ಇಷ್ಟು ಅಕ್ಕರೆ ಯಾಕೆ?

ನಮ್ಮೂರಲ್ಲಿ ಗುಡಿಗೆ ಹೋದವರು ಒಂದು ಚಪ್ಪಲಿ ಇಲ್ಲಿ, ಇನ್ನೊಂದು ಅಲ್ಲಿ ಬಿಡುತ್ತಾರೆ; ಒಂಟಿ ಚಪ್ಪಲಿಯನ್ನು ಕಳ್ಳ ಮುಟ್ಟುವುದಿಲ್ಲ. ನಾನೂ ಬಲಗಾಲಿನದನ್ನು ತಲೆದಿಂಬಿಗೆ ಇಟ್ಟುಕೊಂಡು, ಎಡಗಾಲಿನದನ್ನು ಆಚೆ ಪೇರಿಸಿದ್ದ ಖಾಲಿ ಬುಟ್ಟಿಗಳೊಳಗೆ ಅಡಗಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಮಲಗಿದೆ.

ಬೆಳಗ್ಗೆ ನೋಡಿದರೆ ಬುಟ್ಟಿಗಳೇ ಇಲ್ಲ. ದಾರಿಯ ಬಂದರೊಂದರಲ್ಲಿ ಇಳಿಸಿದರಂತೆ. ಮುದುಕಿಯ ಬುಟ್ಟಿ ಮಾತ್ರ ಇದ್ದಲ್ಲೇ ಇತ್ತು. ನನ್ನ ಮುಖ ನೋಡಿ ಅವಳು ಚಹಾ ಕೊಡಿಸಿದಳು. ನಾಚಿಕೆಯಿಂದ ತಲೆ ತಗ್ಗಿಸಿಯೇ ಕುಡಿದೆ.

ಪಣಜಿಯ ಬಂದರುಕಟ್ಟೆಗೆ ತಂಗಿ, ಮಾರುತಿ ಇಬ್ಬರೂ ಬಂದಿದ್ದರು. ಒಂಟಿ ಚಪ್ಪಲಿ ಕೊಟ್ಟರೆ ಬೇಕಂತಲೇ ಮಾಡಿದ ಅವಮಾನ ಅಂದುಕೊಂಡಾನು ಎಂದು ನನಗೆ ದಿಗಿಲು. ನಡೆದದ್ದೆಲ್ಲ ಹೇಳಿ ಚಪ್ಪಲಿ ಮುಂದಿಟ್ಟೆ. ತಂಗಿ ಅತ್ತಳು. ಮಾರುತಿ ಅದನ್ನು ಮೆಟ್ಟಿ, ಕರ್ರ ಕರ್ರ ಎನಿಸುತ್ತ ನಾಲ್ಕು ಹೆಜ್ಜೆ ನಡೆದ.

"ಬಲಗಾಲಿಗೆ ಬರೋಬ್ಬರಿ ಆಗೇತ್ರಿ. ಎಡಗಾಲು ಮಾವನಾರ ಅಂಗಡಿಗೇ ತಗೊಂಡು ಬರತೇನಿ, ನಡೀರಿ."

ಮರುದಿನ ಮೂವರೂ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಬಂದೆವು. ಅಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದ. ಮಗಳನ್ನು ನೋಡಿದ, ಅಳಿಯನ ಕಾಲು ನೋಡಿದ. ಆ ಹಳೆಯ ಗೆರೆಯ ಕಾಗದ ನಾನು ತೆಗೆಯಹೋದರೆ ಬೇಡವೆಂದ.

"ಟಪಾಲಿನ್ಯಾಗ ಬಂದ ಅಳತಿ ನಂಬಾಕ ಬರಂಗಿಲ್ಲ."

ಹೊಸ ಕಾಗದ ಹಾಸಿ, ಮೊಣಕಾಲೂರಿ ಕುಳಿತು, ಎಡಗೈಯಲ್ಲಿ ಮಾರುತಿಯ ಪಾದ ಹಿಡಿದು ಸುತ್ತಲೂ ಪೆನ್ಸಿಲ್ ಎಳೆಯತೊಡಗಿದ.